ಅರವತ್ತು ಮೈಲಿಯ ನಡುಕ

ಮಿಶಿಗನ್‌ನ ವಿಕ್ಸಮ್‌ನಲ್ಲಿ ರೈಲು ಹಳಿಯ ಪಕ್ಕದ ಶೆಡ್ಡುಗಳ ಸಾಲಿನಲ್ಲಿ, ಒಂದು ವೆಲ್ಡಿಂಗ್ ಶಾಪಿಗೂ ಕಿಟಕಿ ಗಾಜಿನ ಗೋದಾಮಿಗೂ ನಡುವೆ, ನಜೀಬನ ಗ್ಯಾರೇಜ್ ಇತ್ತು. ಕಾರು ಎತ್ತುವ ಎರಡು ಲಿಫ್ಟ್, ಮೂಲೆಯಲ್ಲಿ ಚಕ್ರದ ಬ್ಯಾಲೆನ್ಸ್ ನೋಡುವ ಒಂದು ಯಂತ್ರ, ಗೋಡೆಯುದ್ದಕ್ಕೂ ಟೈರುಗಳು. ಮುಂದಿನ ಕೋಣೆಯಲ್ಲಿ ಅವನ ಹೆಂಡತಿ ಬೀಬಿ ಜಾನ್ ಫೋನ್ ಎತ್ತುತ್ತಿದ್ದಳು, ಬಂದವರಿಗೆ ಚಹಾ ಕೊಡುತ್ತಿದ್ದಳು.

ನಜೀಬ್ ಸವಣೂರಿನವನು. ಓದು ತಲೆಗೆ ಹತ್ತಲಿಲ್ಲವೆಂದು ಹದಿನೈದರ ಪ್ರಾಯದಲ್ಲೇ ಹುಬ್ಬಳ್ಳಿಗೆ ಬಂದು, ಪುಣೆ ರಸ್ತೆಯ ಲಾರಿಗಳು ನಿಲ್ಲುವ ಕಡೆ ಸೋದರಮಾವನ ಗ್ಯಾರೇಜಿನಲ್ಲಿ ಕೆಲಸ ಕಲಿತ. ಮದುವೆಯಾದ ಮೇಲೆ ಬೀಬಿ ಜಾನಳ ಅಣ್ಣ ಅವರಿಬ್ಬರನ್ನೂ ಮಿಶಿಗನ್‌ಗೆ ಕರೆಸಿಕೊಂಡ. ಮೊದಲ ಎಂಟು ಹತ್ತು ವರ್ಷ ನಜೀಬ್ ಬೇರೆಯವರ ಟೈರ್ ಅಂಗಡಿಯಲ್ಲಿ ದುಡಿದ. ತೊಂಬತ್ತೇಳರಲ್ಲಿ ತನ್ನದೇ ಬಾಗಿಲು ತೆರೆದ. ಅಷ್ಟು ಹೊತ್ತಿಗೆ ಅವನ ಗಡ್ಡ ಅರ್ಧ ಬೆಳ್ಳಗಾಗಿತ್ತು.

ಪ್ಲಿಮತ್, ಕ್ಯಾಂಟನ್, ನೋವೈ ಕಡೆಯ ಕನ್ನಡದವರೆಲ್ಲ ಅವನಲ್ಲಿಗೇ ಬರುತ್ತಿದ್ದರು. ಬರಲು ಕಾರಣ ಅವನ ಭಾಷೆ ಮಾತ್ರ ಅಲ್ಲ. ಕಾರು ತಂದವರನ್ನು ಅವನು ಮೊದಲು ಕೂರಿಸಿ ಮಾತಾಡಿಸುತ್ತಿದ್ದ. ಸ್ಟೀರಿಂಗ್ ನಡುಗುತ್ತದೆ ಎಂದು ಯಾರಾದರೂ ಬಂದರೆ ಒಂದರ ಹಿಂದೊಂದು ಪ್ರಶ್ನೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗುತ್ತದೆಯೇ? ಹಾಗಿದ್ದರೆ ಬ್ರೇಕಿನ ಡಿಸ್ಕ್ ಸೊಟ್ಟಗಾಗಿದೆ. ವೇಗ ಗಂಟೆಗೆ ಅರವತ್ತು ಮೈಲಿ ದಾಟಿದ ಮೇಲೆ ನಡುಗುತ್ತದೆಯೇ? ಮುಂದಿನ ಚಕ್ರಗಳ ತೂಕ ಒಂದು ಕಡೆಗೆ ವಾಲಿದೆ, ರಿಮ್ಮಿಗೆ ಸೀಸದ ಸಣ್ಣ ತುಂಡು ಸಿಕ್ಕಿಸಿದರೆ ಸರಿಹೋಗುತ್ತದೆ. ಮೆಲ್ಲಗೆ ಹೋಗುವಾಗಲೂ ಸ್ಟೀರಿಂಗ್ ಆ ಕಡೆ ಈ ಕಡೆ ತೊನೆಯುತ್ತದೆಯೇ? ಅದು ಕೆಟ್ಟ ಲಕ್ಷಣ. ಟೈರಿನ ಒಳಗಿನ ತಂತಿಯ ಪದರವೇ ಬಿಟ್ಟುಕೊಂಡಿರಬಹುದು. ಕೊನೆಯದಾಗಿ, ಈ ನಡುಕ ಯಾವಾಗಿನಿಂದ, ಅದಕ್ಕೂ ಮುಂಚೆ ಗಾಡಿ ಎಲ್ಲಾದರೂ ಗುಂಡಿಗೆ ಬಿದ್ದಿತ್ತೇ? ಇಷ್ಟು ಕೇಳಿ ಮುಗಿಸಿ, ಮೊದಲು ಅಂಗಳದಲ್ಲಿ ನಡಿಗೆಯ ವೇಗದಲ್ಲಿ ಒಂದು ಸುತ್ತು ಹಾಕಿ, ಆಮೇಲೆ ಹೈವೇಗೆ ಒಯ್ಯುತ್ತಿದ್ದ. ಇದು ಅವನ ಕ್ರಮ. ಒಂದು ದಿನ ಮಾತ್ರ ಅವನು ಈ ಕ್ರಮ ಬಿಟ್ಟ.

ಅದು ಎರಡು ಸಾವಿರದ ಮೂರರ ಜುಲೈ, ನಾಲ್ಕನೇ ತಾರೀಖಿನ ಸ್ವಾತಂತ್ರ್ಯ ದಿನದ ರಜೆಯ ಹಿಂದಿನ ದಿನ. ಸೆಕೆ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ರಜೆಗೆ ದೂರ ಹೊರಟವರೆಲ್ಲ ಒಟ್ಟಿಗೆ ಬಂದು ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಂತೆ ಕಾರು ನಿಲ್ಲಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಸುರೇಶ್ ತನ್ನ ಮಗಳು ವಿನಿತಾಳ ಜೊತೆ ಬಂದ.

ಸುರೇಶ್ ಮೈಸೂರಿನವನು, ಪ್ಲಿಮತ್‌ನಲ್ಲಿ ಕಾರಿನ ಸೀಟು ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್. ಕನ್ನಡದವರ ಪಿಕ್ನಿಕ್ ಒಂದರಲ್ಲಿ ಪರಿಚಯವಾದಂದಿನಿಂದ ಅವನ ಮನೆಯ ಎರಡೂ ಕಾರುಗಳು ನಜೀಬನ ಕೈಯಲ್ಲೇ ಇದ್ದವು. ವಿನಿತಾ ಇಲ್ಲಿಯೇ ಹುಟ್ಟಿದವಳು. ಕಾಲೇಜು ಮುಗಿಸಿ ಶಿಕಾಗೋ ಹತ್ತಿರದ ಲಿಸ್ಲ್‌ನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಅಪ್ಪ ಕೊಟ್ಟ ಹಳೆಯ ಹಸಿರು ಕಾರಿನಲ್ಲಿ, ಸಮಯ ಸಿಕ್ಕಾಗಲೆಲ್ಲ ಇನ್ನೂರೆಂಬತ್ತು ಮೈಲಿ ಓಡಿಸಿಕೊಂಡು ಊರಿಗೆ ಬರುತ್ತಿದ್ದಳು.

“ನಜೀಬ್ ಭಾಯ್, ಇವಳ ಕಾರಲ್ಲಿ ಸ್ಟೀರಿಂಗ್ ಯಾಕೋ ಗಡಗಡ ಅಂತಿದೆ. ಭಾನುವಾರ ವಾಪಸ್ ಹೋಗ್ಬೇಕು. ಸ್ವಲ್ಪ ನೋಡ್ತೀರಾ?” ಎಂದ ಸುರೇಶ್.

“ನೋಡೂಣ್ರಿ. ಎಷ್ಟು ಸ್ಪೀಡಿಗೆ ನಡಗತೈತಿ ತಂಗಿ?”

“ಸಿಕ್ಸ್ಟಿ ಆದ್ಮೇಲೆ ಅಂಕಲ್. ಸೆವೆಂಟಿ ಫೈವ್ ಬಂದ್ರೆ ಸ್ವಲ್ಪ ಕಮ್ಮಿ ಆಗತ್ತೆ.”

“ಬ್ರೇಕ್ ಹಾಕಿದಾಗ?”

“ನೋ. ಬ್ರೇಕ್ ಈಸ್ ಫೈನ್.”

ಅಷ್ಟರಲ್ಲಿ ಟೋ ಮಾಡುವ ಲಾರಿಯೊಂದು ಕೆಟ್ಟು ನಿಂತ ವ್ಯಾನನ್ನು ಎಳೆದುಕೊಂಡು ಬಾಗಿಲಿಗೇ ಬಂತು. ವ್ಯಾನಿನೊಳಗೆ ಮೂರು ಮಕ್ಕಳು ಸೆಕೆಗೆ ಅಳುತ್ತಿದ್ದವು. ನಜೀಬ್ ಆ ಕಡೆ ಓಡಿದ. ಅದನ್ನು ಇಳಿಸಿ ಒಂದು ಪಕ್ಕಕ್ಕೆ ತಳ್ಳಿ ಬರುವಷ್ಟರಲ್ಲಿ ವಿನಿತಾಳಿಗೆ ಕೇಳಬೇಕಾಗಿದ್ದ ಉಳಿದ ಪ್ರಶ್ನೆಗಳು ಅವನ ತಲೆಯಿಂದ ಹೋಗಿದ್ದವು. ಅಂಗಳದಲ್ಲಿ ಮೆಲ್ಲಗೆ ಸುತ್ತು ಹಾಕಲು ಜಾಗವೇ ಇರಲಿಲ್ಲ. ಹಸಿರು ಕಾರನ್ನು ನೇರ ರಸ್ತೆಗೆ ತಂದು ಹೈವೇ ಹತ್ತಿಸಿದ. ಅರವತ್ತಕ್ಕೆ ಸರಿಯಾಗಿ ಸ್ಟೀರಿಂಗ್ ಅವನ ಬೆರಳುಗಳೊಳಗೆ ನಡುಗತೊಡಗಿತು. ಬ್ಯಾಲೆನ್ಸ್ ಎಂದುಕೊಂಡ. ಮುಂದಿನ ಎಕ್ಸಿಟ್‌ನಲ್ಲಿ ಇಳಿದು ವಾಪಸು ಬಂದ.

ಮುಂದಿನ ಎರಡೂ ಚಕ್ರ ಬಿಚ್ಚಿ ಯಂತ್ರಕ್ಕೆ ಏರಿಸಿದ. ಬಲಗಡೆಯದು ಸಾಮಾನ್ಯವಾಗಿ ಬೇಕಾಗುವಷ್ಟೇ ತೂಕ ಕೇಳಿತು. ಎಡಗಡೆಯದು ಅದರ ಮೂರು ಪಟ್ಟು ಕೇಳಿತು. ನಜೀಬ್ ಒಂದು ಕ್ಷಣ ನಿಂತ. ಟೈರಿನ ಹೊರಮೈ ಮೇಲೆ ಅಂಗೈ ಸವರಿ ನೋಡಿದ, ಎಲ್ಲೂ ಉಬ್ಬಿರಲಿಲ್ಲ. ಕಾರಿನ ಅಡಿಗೆ ಬರುವ ಒಳಮಗ್ಗುಲಿಗೆ ಕೈ ಹಾಕಲಿಲ್ಲ. ಹೊರಗೆ ಯಾರೋ ಹಾರ್ನ್ ಹೊಡೆದರು. ಸೀಸದ ತುಂಡುಗಳನ್ನು ಸಿಕ್ಕಿಸಿ ಮತ್ತೆ ತಿರುಗಿಸಿದ. ಯಂತ್ರ ಸೊನ್ನೆ ತೋರಿಸಿತು. ಚಕ್ರ ಹಾಕಿ ಮತ್ತೊಮ್ಮೆ ಹೈವೇಗೆ ಒಯ್ದ. ಎಪ್ಪತ್ತರಲ್ಲೂ ಸ್ಟೀರಿಂಗ್ ಅಲುಗಲಿಲ್ಲ.

ಕೀ ಕೊಡುವಾಗ ಸುರೇಶನಿಗೆ ಹೇಳಿದ: “ಎಡಗಡೆ ಟೈರು ಭಾಳ ವಜ್ಜಾ ಕೇಳ್ತ್ರಿ. ಮುಂದಿನ ಸಲ ತಂಗಿ ಬಂದಾಗ ಎರಡೂ ಬದಲಿ ಮಾಡೂಣು.”

“ಈಗಲೇ ಹಾಕಿಸಬೇಕಾ?”

“ಈ ಸೈಜಿಂದು ಈಗಿಲ್ರಿ ನನ್ನ ಕಡೆ. ಅವಸರ ಏನಿಲ್ಲ ಬಿಡ್ರಿ.”

ಭಾನುವಾರ ವಿನಿತಾ ಹೊರಟಳು. ಸೋಮವಾರ ಬೆಳಿಗ್ಗೆ ಗ್ಯಾರೇಜಿಗೆ ಅಂಬುಜಾಳ ಫೋನ್ ಬಂತು. ಅಂಬುಜಾ ಕ್ಯಾಂಟನ್‌ನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದವಳು, ಸುರೇಶನ ಮನೆಯ ಪಕ್ಕದವಳು. ಬೀಬಿ ಜಾನ್ ಫೋನ್ ಇಟ್ಟು ಒಳಗೆ ಬಂದಾಗ ನಜೀಬ್ ಲಿಫ್ಟಿನ ಕೆಳಗೆ ನಿಂತು ಎಣ್ಣೆ ಇಳಿಸುತ್ತಿದ್ದ. ಗಂಡ ಹೆಂಡಿರು ಇಬ್ಬರೇ ಇದ್ದಾಗ ಮಾತಾಡುತ್ತಿದ್ದುದು ಉರ್ದು. ಅಂದು ಮಾತ್ರ ಅವಳು ಅಂಬುಜಾಳಿಂದ ಕೇಳಿದ್ದನ್ನು ಕನ್ನಡದಲ್ಲೇ ಹೇಳಿದಳು.

“ಸುರೇಶಣ್ಣಾರ ಮಗಳ ಕಾರು ಪಲ್ಟಿ ಆಗೇತಂತ. ಶಿಕಾಗೋ ದಾರ್ಯಾಗ ಕಲಮಜೂ ದಾಟಿದ ಮ್ಯಾಲೆ ಪಾ ಪಾ ಅಂತ ಊರೈತಲ್ಲ, ಅಲ್ಲಿ. ಟೈರು ಒಡದದ್ದಂತ.”

“ಯಾವ ಕಡೆ ಟೈರು?” ಎಂದ ನಜೀಬ್.

ಬೀಬಿ ಜಾನ್ ಅವನ ಮುಖ ನೋಡಿದಳು. “ಹುಡುಗಿ ಹೆಂಗದಾಳ ಅಂತ ಕೇಳ್ರೀ ಮೊದಲ!”

ಹುಡುಗಿ ಬದುಕಿದ್ದಳು. ಬೆನ್ನುಮೂಳೆ ಮುರಿದಿತ್ತು. ರಾತ್ರಿಯೇ ಆಪರೇಷನ್ ಆಗಿತ್ತು.

ಮಾರನೇ ದಿನ ಇಬ್ಬರೂ ಗ್ಯಾರೇಜ್ ಮುಚ್ಚಿ ಕಲಮಜೂ ಆಸ್ಪತ್ರೆಗೆ ಹೋದರು. ಬೀಬಿ ಜಾನ್ ಬೆಳಿಗ್ಗೆ ಬೇಗ ಎದ್ದು ಚಪಾತಿ, ಬದನೆಕಾಯಿ ಪಲ್ಯ ಮಾಡಿ ಕಟ್ಟಿಕೊಂಡಿದ್ದಳು. ಆಸ್ಪತ್ರೆಯ ಪಡಸಾಲೆಯಲ್ಲಿ ವಿನಿತಾಳ ತಾಯಿ ಮಂಜರಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಳು. ಅವಳು ಮೈಸೂರಿನ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದವಳು, ಮಾತಿನಲ್ಲಿ ಚುರುಕು. ಅಂದು ಬೀಬಿ ಜಾನಳ ಕೈ ಹಿಡಿದು ಹೇಳಿದ್ದನ್ನೇ ಹೇಳುತ್ತಿದ್ದಳು.

“ಕಾಲು ಬರಲ್ವಂತೆ. ಸೊಂಟದಿಂದ ಕೆಳಗೆ ಏನೂ ಗೊತ್ತಾಗಲ್ವಂತೆ. ಡಾಕ್ಟರ್ ಹಾಗೇ ನಿಂತ್ಕೊಂಡು ಹೇಳಿಬಿಟ್ರು. ಕೂತ್ಕೊಂಡೂ ಹೇಳ್ಲಿಲ್ಲ.”

ಬೀಬಿ ಜಾನ್ ಅವಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಮಂಜರಿ ನಜೀಬನ ಕಡೆ ತಿರುಗಿದಳು.

“ಬ್ಯಾಟಲ್ ಕ್ರೀಕ್‌ನಲ್ಲಿ ಕಾಫಿಗೆ ನಿಂತು ಫೋನ್ ಮಾಡಿದ್ಲು. ಕಾರು ಎಷ್ಟು ಸ್ಮೂತ್ ಆಗಿದೆ ಗೊತ್ತಾ ಅಮ್ಮ, ಅಂಕಲ್‌ಗೆ ಥ್ಯಾಂಕ್ಸ್ ಹೇಳು ಅಂದ್ಲು. ಹೇಳೋಕೇ ಆಗ್ಲಿಲ್ಲ ನಿಮಗೆ.”

ನಜೀಬ್ ಗೋಡೆಗೆ ಕೈ ಕೊಟ್ಟು ನಿಂತ. ಮುಖ ಗೋಡೆಯ ಕಡೆ ತಿರುಗಿಸಿಕೊಂಡ. ಅವನು ಅಳುತ್ತಿದ್ದಾನೆಂದು ಭಾವಿಸಿ ಮಂಜರಿಯೇ ಅವನಿಗೆ ಸಮಾಧಾನ ಹೇಳಿದಳು.

ಸ್ವಲ್ಪ ಹೊತ್ತಿಗೆ ಸುರೇಶ್ ಬಂದ. ಅಂಗಿ ಬದಲಿಸಿರಲಿಲ್ಲ. ಕಾರನ್ನು ಪಾ ಪಾ ಹತ್ತಿರದ ಒಂದು ಯಾರ್ಡಿನಲ್ಲಿ ಇಟ್ಟಿದ್ದಾರೆ, ವಿನಿತಾಳ ಬ್ಯಾಗು ಕನ್ನಡಕ ಎಲ್ಲ ಅದರಲ್ಲೇ ಇವೆ, ತನಗೆ ಒಬ್ಬನೇ ಹೋಗಿ ಅದನ್ನು ನೋಡಲು ಆಗುವುದಿಲ್ಲ, ಜೊತೆಗೆ ಬರುತ್ತೀರಾ ಎಂದು ಕೇಳಿದ.

ಯಾರ್ಡ್ ದ್ರಾಕ್ಷಿ ತೋಟಗಳ ನಡುವೆ ಇತ್ತು. ತಂತಿಬೇಲಿಯೊಳಗೆ ಜಜ್ಜಿಹೋದ ಕಾರುಗಳ ಸಾಲಿನ ಕೊನೆಯಲ್ಲಿ ಹಸಿರು ಕಾರು. ಮೇಲ್ಛಾವಣಿ ಸೀಟಿನವರೆಗೆ ಕುಸಿದಿತ್ತು. ಸುರೇಶ್ ಹಿಂದಿನ ಬಾಗಿಲ ಸಂದಿಯಿಂದ ಕೈ ತೂರಿಸಿ ಬ್ಯಾಗನ್ನು ಎಳೆಯತೊಡಗಿದ. ನಜೀಬ್ ಮುಂದಕ್ಕೆ ಹೋಗಿ ಎಡ ಚಕ್ರದ ಬಳಿ ಕೂತ. ಟೈರಿನ ನೆಲ ತಾಗುವ ಭಾಗ ಪಟ್ಟಿಯಂತೆ ಸುಲಿದು ಅರ್ಧ ಹಾರಿಹೋಗಿತ್ತು, ಉಳಿದರ್ಧ ನೇತಾಡುತ್ತಿತ್ತು. ಒಳಗಿನ ತಂತಿಗಳು ಕಾಣುತ್ತಿದ್ದವು. ಒಳಮಗ್ಗುಲಲ್ಲಿ ಅಂಗೈ ಅಗಲದಷ್ಟು ಜಾಗದಲ್ಲಿ ಆ ತಂತಿಗಳಿಗೆ ಕಂದು ತುಕ್ಕು ಹಿಡಿದಿತ್ತು. ರಿಮ್ಮಿನ ಅಂಚಿನಲ್ಲಿ ಅವನು ಸಿಕ್ಕಿಸಿದ್ದ ಸೀಸದ ತುಂಡುಗಳು ಒಂದೂ ಬಿದ್ದಿರಲಿಲ್ಲ.

ಸುರೇಶ್ ಬ್ಯಾಗು ಹಿಡಿದು ಹಿಂದೆ ಬಂದು ನಿಂತಿದ್ದ. “ತುಕ್ಕು ಯಾಕಿದೆ ಅಲ್ಲಿ?” ಎಂದು ಕೇಳಿದ. ಅವನೂ ಯಂತ್ರಗಳ ನಡುವೆ ಬದುಕಿದವನು.

“ಇದು ಒಂದ ದಿನದ ತುಕ್ಕಲ್ರಿ,” ಎಂದ ನಜೀಬ್, ಏಳದೆ. “ಎಲ್ಲೋ ಯಾವಾಗೋ ಜೋರು ಪೆಟ್ಟು ತಿಂದೈತಿ. ಒಳಗ ತಂತಿ ಹರದೈತಿ, ನೀರು ಹೊಕ್ಕೈತಿ. ಪದರ ಬಿಡಾಕ ಹತ್ತಿತ್ರಿ. ಸ್ಟೀರಿಂಗ್ ನಡಗತಿದ್ದದ್ದು ಅದರ ಸಲುವಾಗಿ.”

“ಆದ್ರೆ ನೀವು ಬ್ಯಾಲೆನ್ಸ್ ಮಾಡಿದ್ಮೇಲೆ ನಡುಗ್ಲಿಲ್ವಲ್ಲ.”

“ಇಲ್ರಿ. ನಡಗೂದಷ್ಟ ನಿಲ್ಲಿಸಿದೆ ನಾನು. ಒಳಗಿಂದು ಹಂಗ ಇತ್ತು. ಒಳಮಗ್ಗಲಿಗೆ ಕೈ ಹಾಕಿದ್ರ ಉಬ್ಬು ಸಿಗತಿತ್ತು. ನಾ ಹಾಕ್ಲಿಲ್ರಿ ಸುರೇಶಣ್ಣ.”

ಹೊರಗೆ ಟ್ರಾಕ್ಟರೊಂದು ಸದ್ದು ಮಾಡುತ್ತ ಹೋಯಿತು. ಸುರೇಶ್ ಬ್ಯಾಗನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡ. ಆಮೇಲೆ, “ಕನ್ನಡಕ ಸಿಗ್ಲಿಲ್ಲ. ಸ್ವಲ್ಪ ಆ ಕಡೆಯಿಂದ ನೋಡ್ತೀರಾ?” ಎಂದ. ಇಬ್ಬರೂ ಮಂಡಿಯೂರಿ ಗಾಜಿನ ಚೂರುಗಳ ನಡುವೆ ಕನ್ನಡಕ ಹುಡುಕಿದರು. ಸಿಗಲಿಲ್ಲ.

ವಾಪಸು ಹೋಗುವಾಗ ಸುರೇಶ್ ಹೇಳಿದ್ದು ಒಂದೇ ಮಾತು: “ಮಂಜರಿಗೆ ನಾನೇ ಹೇಳ್ತೀನಿ. ಇವತ್ತು ಬೇಡ.”

ಅವನು ಹೇಳಿದ್ದು ಯಾವಾಗ, ಹೇಗೆ ಎಂದು ನಜೀಬನಿಗೆ ಗೊತ್ತಾಗಲಿಲ್ಲ. ಮುಂದಿನ ವಾರ ಬೀಬಿ ಜಾನ್ ಒಬ್ಬಳೇ ಊಟ ಕಟ್ಟಿಕೊಂಡು ಆಸ್ಪತ್ರೆಗೆ ಹೋದಾಗ ಮಂಜರಿ ವಾರ್ಡಿನ ಬಾಗಿಲಿಗೆ ಬಂದು, “ನೀವಿನ್ನು ಬರಬೇಡಿ. ನಿಮ್ಮದೇನೂ ತಪ್ಪಿಲ್ಲ, ಆದ್ರೂ ಬರಬೇಡಿ,” ಎಂದಳು. ಬೀಬಿ ಜಾನ್ ಡಬ್ಬಿಯನ್ನು ಹಾಗೇ ವಾಪಸು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಮಾರನೇ ದಿನದವರೆಗೂ ಯಾರೂ ಅದನ್ನು ತೆರೆಯಲಿಲ್ಲ.

ನಜೀಬ್ ಆ ಬೇಸಿಗೆಯೆಲ್ಲ ಗ್ಯಾರೇಜ್ ತೆರೆಯಲಿಲ್ಲ. ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅವನ ಮಗಳು ಯುಸ್ರಾ ವಿನಿತಾಳಿಗಿಂತ ಎರಡು ವರ್ಷ ಚಿಕ್ಕವಳು, ಕಾಲೇಜು ರಜೆಗೆ ಮನೆಗೆ ಬಂದಿದ್ದಳು. ಅವಳು ಕಾರಿನ ಕೀ ತೆಗೆದುಕೊಂಡರೆ ಸಾಕು, ಇವನು ಎದ್ದು ಹೋಗಿ ನಾಲ್ಕೂ ಟೈರುಗಳ ಒಳಮಗ್ಗುಲಿಗೆ ಕೈ ತೂರಿಸಿ ನೋಡುತ್ತಿದ್ದ. ಅವಳು ಹಾಲು ತರಲು ಹೊರಟರೂ ಅಷ್ಟೇ. ಒಂದು ದಿನ ಯುಸ್ರಾ ಕೀಯನ್ನು ಮೇಜಿನ ಮೇಲೆ ಎಸೆದು, “ಅಬ್ಬಾ, ಐ ಕಾಂಟ್ ಬ್ರೀದ್ ಇನ್ ದಿಸ್ ಹೌಸ್,” ಎಂದು ಅತ್ತುಬಿಟ್ಟಳು.

ಸೆಪ್ಟೆಂಬರಿನಲ್ಲಿ ಬೀಬಿ ಜಾನ್ ತಾನೇ ಹೋಗಿ ಗ್ಯಾರೇಜಿನ ಬಾಗಿಲೆತ್ತಿದಳು. ನಜೀಬ್ ಹಿಂದಿನಿಂದ ಹೋದ. ಕೆಲಸ ಶುರುವಾಯಿತು, ಆದರೆ ಮೊದಲಿನ ಹಾಗೆ ಅಲ್ಲ. ಎಣ್ಣೆ ಬದಲಿಸಲು ಬಂದ ಕಾರಿನದೂ ನಾಲ್ಕು ಚಕ್ರ ಬಿಚ್ಚುತ್ತಿದ್ದ. ಸಂಜೆಗೆ ಕೊಡುತ್ತೇನೆಂದ ಕಾರನ್ನು ಮರುದಿನ ಮಧ್ಯಾಹ್ನವಾದರೂ ಕೊಡುತ್ತಿರಲಿಲ್ಲ. ಕೊಟ್ಟ ಮೇಲೂ ಫೋನ್ ಮಾಡಿ ಹೇಗೆ ಓಡುತ್ತಿದೆ ಎಂದು ಕೇಳುತ್ತಿದ್ದ. ಗಿರಾಕಿಗಳಿಗೆ ಇದು ವಿಚಿತ್ರವಾಗಿ ಕಂಡಿತು. ಕನ್ನಡದವರಲ್ಲಿ ಹಲವರು ಬರುವುದನ್ನು ಬಿಟ್ಟರು. ಹಳೆಯ ಪರಿಚಯದ ಪ್ರಕಾಶ್ ಎಂಬಾತ ಎದುರಿಗೇ ಕೇಳಿದ: “ಏನ್ ನಜೀಬ್ ಭಾಯ್, ಆ ಹುಡುಗಿ ಕಾರು ನೀವೇ ಮಾಡಿದ್ದಂತೆ?” ನಜೀಬ್, “ಹೌದ್ರಿ, ನಾನ ಮಾಡಿದ್ದು,” ಎಂದ. ಪ್ರಕಾಶ್ ಮತ್ತೆ ಬರಲಿಲ್ಲ. ವಕೀಲರನ್ನು ನೋಡಿ ಎಂದು ಸುರೇಶನಿಗೆ ಹೇಳಿದವರೂ ಇದ್ದರು. ಸುರೇಶ್ ಯಾವ ವಕೀಲನ ಬಳಿಗೂ ಹೋಗಲಿಲ್ಲ.

ಸುರೇಶನಂತೂ ಗ್ಯಾರೇಜಿಗೆ ಬರುವುದನ್ನು ಬಿಡಲಿಲ್ಲ. ಗ್ಯಾರೇಜ್ ತೆರೆದ ತಿಂಗಳಲ್ಲೇ ತನ್ನ ಕಾರು ತಂದ, ಆಮೇಲೆ ಮಂಜರಿಯ ಕಾರು. ಮೊದಲು ಮುಂದಿನ ಕೋಣೆಯಲ್ಲಿ ಕೂತು ಪೇಪರ್ ಓದುತ್ತಿದ್ದವನು ಈಗ ಒಳಗೆ ಬಂದು, ಕೈ ಕಟ್ಟಿಕೊಂಡು, ಕೆಲಸ ಮುಗಿಯುವವರೆಗೂ ನಿಂತು ನೋಡುತ್ತಿದ್ದ. ಅವನು ಬರುತ್ತೇನೆಂದು ಹೇಳಿದ ದಿನ ನಜೀಬ್ ಬೆಳಗಿನ ತಿಂಡಿ ಮುಟ್ಟದೆ ಗ್ಯಾರೇಜಿಗೆ ಹೋಗುತ್ತಿದ್ದ.

ಮುಂದಿನ ವಸಂತದಲ್ಲಿ ಅವನು ವಿನಿತಾಳನ್ನು ಕರೆತಂದ. ತಿಂಗಳುಗಟ್ಟಲೆ ಆನ್ ಆರ್ಬರ್‌ನಲ್ಲಿ ಚಿಕಿತ್ಸೆ ಮುಗಿಸಿ ಅವಳು ಪ್ಲಿಮತ್‌ನ ಮನೆಗೆ ಬಂದಿದ್ದಳು. ಸುರೇಶ್ ಡಿಕ್ಕಿಯಿಂದ ಗಾಲಿಕುರ್ಚಿ ಇಳಿಸಿ, ಅವಳನ್ನು ಅದಕ್ಕೆ ಎತ್ತಿ ಕೂರಿಸಿದ. ಅವಳು ಅಪ್ಪನಿಗೆ ಇಂಗ್ಲಿಷಿನಲ್ಲಿ, ನೀವು ಹೊರಗೇ ಇರಿ ಎಂದಳು. ಗ್ಯಾರೇಜಿನ ಹೊಸ್ತಿಲಿನ ಉಬ್ಬನ್ನು ಕುರ್ಚಿ ದಾಟಲಿಲ್ಲ. ನಜೀಬ್ ಹಿಂದಿನಿಂದ ತಳ್ಳಲು ಹೋದ. “ಐ ಗಾಟ್ ಇಟ್, ಅಂಕಲ್,” ಎಂದು ಎರಡನೇ ಸಲ ತಾನೇ ಜೋರಾಗಿ ನೂಕಿ ಒಳಗೆ ಬಂದಳು.

“ಏನಾಯ್ತು ಅಂತ ನಂಗೆ ಕರೆಕ್ಟಾಗಿ ಯಾರೂ ಹೇಳ್ತಿಲ್ಲ. ಅಪ್ಪ ಶುರು ಮಾಡ್ತಾರೆ, ಆಮೇಲೆ ನಿಲ್ಲಿಸ್ತಾರೆ. ನೀವು ತೋರಿಸಿ.”

ನಜೀಬ್ ಒಳಮಗ್ಗುಲು ಉಬ್ಬಿದ್ದ ಒಂದು ಹಳೆಯ ಕೆಟ್ಟ ಟೈರನ್ನು ತಂದು ಅವಳ ಕಾಲ ಬಳಿ ಮಲಗಿಸಿದ. ಚಾಕುವಿನಿಂದ ಅದರ ಮೈ ಕೊಯ್ದು ಒಳಗಿನ ತಂತಿಯ ಪದರಗಳನ್ನು ಬಿಡಿಸಿ ತೋರಿಸಿದ. ಅವಳ ಕೈ ಹಿಡಿದು ಒಳಮಗ್ಗುಲಿನ ಉಬ್ಬಿನ ಮೇಲೆ ಇಡಿಸಿದ. ಪೆಟ್ಟು ಬಿದ್ದರೆ ತಂತಿ ಹೇಗೆ ಹರಿಯುತ್ತದೆ, ಬಿಸಿಲಿಗೆ, ವೇಗಕ್ಕೆ ಆ ಹರಿದ ಜಾಗ ಹೇಗೆ ಹಿಗ್ಗುತ್ತ ಹೋಗುತ್ತದೆ ಎಂದು ನಿಧಾನವಾಗಿ ಹೇಳಿದ. ತಾನು ಏನು ಮಾಡಲಿಲ್ಲ ಎನ್ನುವುದನ್ನೂ ಹೇಳಿದ.

ವಿನಿತಾ ಉಬ್ಬಿನ ಮೇಲಿನ ಕೈ ತೆಗೆಯಲಿಲ್ಲ. “ಹೋದ ವರ್ಷ ಮಾರ್ಚಲ್ಲಿ ಆಫೀಸ್ ಹತ್ರ ಕಾರು ಒಂದು ಪಾಟ್‌ಹೋಲ್‌ಗೆ ಬಿದ್ದಿತ್ತು,” ಎಂದಳು. “ತುಂಬಾ ದೊಡ್ಡದು. ಕಾಫಿ ಎಲ್ಲ ಚೆಲ್ಲಿಹೋಯ್ತು. ನೀವು ಕೇಳ್ಲಿಲ್ಲ. ನಂಗೆ ಹೇಳ್ಬೇಕು ಅಂತ ಗೊತ್ತಿರ್ಲಿಲ್ಲ.”

“ನಾ ಕೇಳಬೇಕಾಗಿತ್ತವಾ.”

“ಇನ್ನೊಂದಿದೆ. ಅಪ್ಪ, ಅಮ್ಮ ಇಬ್ರಿಗೂ ನಾನು ಹೇಳಿಲ್ಲ.” ಅವಳು ಹೊರಗೆ ನಿಂತಿದ್ದ ಅಪ್ಪನ ಕಡೆ ಒಮ್ಮೆ ನೋಡಿದಳು. “ಕಲಮಜೂ ಆದ್ಮೇಲೆ ಮತ್ತೆ ಸ್ಟಾರ್ಟ್ ಆಯ್ತು. ಶೇಕಿಂಗ್. ಸ್ವಲ್ಪನೇ. ಒಂದು ಹತ್ತು ಹದಿನೈದು ಮೈಲ್ಸ್ ಇತ್ತು. ಎಕ್ಸಿಟ್ ಬಂತು, ನಿಲ್ಲಿಸ್ಲಾ ಅಂದ್ಕೊಂಡೆ. ಆಮೇಲೆ ಇದು ರೋಡ್ ಇರ್ಬೇಕು ಅಂದ್ಕೊಂಡೆ. ಬಿಕಾಸ್ ಯು ಹ್ಯಾಡ್ ಫಿಕ್ಸ್ಡ್ ಇಟ್.”

ಅವಳ ದನಿಯಲ್ಲಿ ಆರೋಪವಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದಳು. ನಜೀಬ್ ನೆಲದ ಮೇಲೆ, ಟೈರಿನ ಪಕ್ಕದಲ್ಲೇ ಕೂತುಬಿಟ್ಟ.

“ನಾ ಅದನ್ನ ಮುಟ್ಟದ ಹಂಗ ಕೊಟ್ಟಿದ್ರ ನಿಲ್ಲಸ್ತಿದ್ದಿ ನೀ,” ಎಂದ.

“ಮೇ ಬಿ,” ಎಂದಳು ವಿನಿತಾ. ಉಬ್ಬಿನ ಮೇಲಿನ ಕೈ ತೆಗೆದು, “ಯಾ. ಪ್ರಾಬಬ್ಲಿ,” ಎಂದಳು.

ಬೀಬಿ ಜಾನ್ ಚಹಾ ತಂದು ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ಅವಳನ್ನು ನೋಡಲಿಲ್ಲ. ವಿನಿತಾ ಕುರ್ಚಿ ತಿರುಗಿಸಿಕೊಂಡು, ಬಂದ ಹಾಗೆಯೇ ತಾನೇ ನೂಕಿಕೊಂಡು ಹೊರಗೆ ಹೋದಳು.

ಅವಳು ಮತ್ತೆ ಬರಲಿಲ್ಲ. ಮರುವರ್ಷ ಲಿಸ್ಲ್‌ನ ಕೆಲಸಕ್ಕೆ ಹಿಂತಿರುಗಿದಳು. ಕೈಯಿಂದಲೇ ವೇಗ, ಬ್ರೇಕ್ ಎರಡನ್ನೂ ನಡೆಸುವಂತೆ ಮಾಡಿಸಿದ ವ್ಯಾನ್ ಓಡಿಸಲು ಕಲಿತಳು. ಆ ವ್ಯಾನನ್ನು ಸಿದ್ಧ ಮಾಡಿದ್ದು ಶಿಕಾಗೋದ ಯಾವುದೋ ಅಂಗಡಿಯವರು. ಹಾಸಿಗೆ ಹುಣ್ಣಿನಿಂದ, ಜ್ವರದಿಂದ ವರ್ಷಕ್ಕೆರಡು ಸಲವಾದರೂ ಆಸ್ಪತ್ರೆ ಸೇರುತ್ತಿದ್ದಳು. ಮಂಜರಿ ಅಲ್ಲಿಗೂ ಇಲ್ಲಿಗೂ ಓಡಾಡುತ್ತ ತೆಳ್ಳಗಾದಳು. ಇದೆಲ್ಲ ನಜೀಬನಿಗೆ ತಿಳಿಯುತ್ತಿದ್ದುದು ಅಂಬುಜಾಳಿಂದ. ಸುರೇಶ್ ಮಗಳ ವಿಷಯ ಎತ್ತುತ್ತಿರಲಿಲ್ಲ.

ಒಂದು ಚಳಿಗಾಲದಲ್ಲಿ, ಮಂಜರಿಯ ಕಾರಿನ ಚಕ್ರ ಯಂತ್ರದ ಮೇಲೆ ತಿರುಗುತ್ತಿರುವಾಗ, ನಜೀಬನಿಗೆ ತಡೆಯಲಾಗಲಿಲ್ಲ. ಯಂತ್ರ ನಿಲ್ಲಿಸಿ ತಿರುಗಿ ನಿಂತ.

“ಸುರೇಶಣ್ಣ, ಒಂದ ಮಾತ ಕೇಳ್ತೀನ್ರಿ. ಊರಾಗ ಮತ್ಯಾರೂ ಇಲ್ಲೇನು? ನನ್ನ ಕಡೇನ ಯಾಕ ಬರ್ತೀರಿ? ಶಿಕ್ಷಾ ಕೊಡಾಕ ಬರ್ತಿದ್ರ ಹೇಳಿಬಿಡ್ರಿ. ನಾ ತಗೋತೀನಿ.”

ಸುರೇಶ್ ಯೋಚಿಸಿದ. ಈ ಪ್ರಶ್ನೆಯನ್ನು ಅವನು ತನಗೇ ಕೇಳಿಕೊಂಡಿರಲಿಲ್ಲವೇನೋ.

“ಮೊದಮೊದಲು ಅದಕ್ಕೇ ಬರ್ತಿದ್ದೆ ಅಂತ ಕಾಣತ್ತೆ,” ಎಂದ. “ನಿಮಗೆ ಕಷ್ಟ ಆಗೋದು ಗೊತ್ತಾಗ್ತಿತ್ತು. ಆಗ್ಲಿ ಅಂತಿದ್ದೆ. ಈಗ ಹಾಗಲ್ಲ. ಬೇರೆಯವರ ಹತ್ರ ಬಿಟ್ರೆ ಮಂಜರಿ ಮನೆಗೆ ಬಂದು ಮುಟ್ಟೋವರೆಗೂ ನಂಗೆ ಎದೆ ಹೊಡ್ಕೊಳ್ತಾ ಇರತ್ತೆ. ನೀವು ಒಳಗಡೆ ಕೈ ಹಾಕಿ ನೋಡ್ತೀರ ಅಂತ ಗೊತ್ತು. ಅಷ್ಟೇ. ಅದನ್ನ ಕ್ಷಮೆ ಅಂತ ತಿಳ್ಕೋಬೇಡಿ.”

“ಇಲ್ರಿ,” ಎಂದ ನಜೀಬ್. ಯಂತ್ರವನ್ನು ಮತ್ತೆ ಶುರು ಮಾಡಿದ.

ಎರಡು ಸಾವಿರದ ಏಳರಲ್ಲಿ ವಿಕ್ಸಮ್‌ನ ದೊಡ್ಡ ಕಾರು ಕಾರ್ಖಾನೆ ಮುಚ್ಚಿತು. ಸುತ್ತಲಿನ ಶೆಡ್ಡುಗಳು ಒಂದೊಂದಾಗಿ ಬಾಗಿಲು ಹಾಕಿದವು. ವೆಲ್ಡಿಂಗ್ ಶಾಪಿನವನು ಟೆಕ್ಸಸ್‌ಗೆ ಹೊರಟುಹೋದ. ಅದರ ಮುಂದಿನ ಚಳಿಗಾಲ ಸುರೇಶನ ಕಂಪನಿಯಲ್ಲೂ ಜನರನ್ನು ತೆಗೆದರು, ಅವರಲ್ಲಿ ಸುರೇಶನೂ ಒಬ್ಬ. ಲಿಸ್ಲ್ ಹತ್ತಿರ, ಮಗಳಿಗೆ ಸಮೀಪದಲ್ಲಿ, ಅವನಿಗೊಂದು ಸಣ್ಣ ಕೆಲಸ ಸಿಕ್ಕಿತು. ಮನೆ ಖಾಲಿ ಮಾಡಿ ಹೊರಡುವ ತಯಾರಿ ನಡೆಯಿತು. ನಜೀಬನ ಗ್ಯಾರೇಜಿಗೂ ಅದೇ ಕೊನೆಯ ವರ್ಷ. ದಿನಕ್ಕೊಂದು ಕಾರು ಬರುವುದೂ ಕಷ್ಟವಾಗಿತ್ತು. ಲಿಫ್ಟುಗಳನ್ನೂ ಬ್ಯಾಲೆನ್ಸ್ ಯಂತ್ರವನ್ನೂ ಒಹಾಯೋ ಕಡೆಯವನೊಬ್ಬ ಬಂದು ಲಾರಿಗೆ ಹೇರಿಕೊಂಡು ಹೋದ. ನಜೀಬನಿಗೆ ಬಿಡಿಭಾಗಗಳ ಗೋದಾಮೊಂದರಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸ ಗೊತ್ತಾಗಿತ್ತು.

ಗ್ಯಾರೇಜಿನ ನೆಲ ತೊಳೆಯುತ್ತಿದ್ದ ದಿನ ಮಂಜರಿ ಬಂದಳು. ಆಸ್ಪತ್ರೆಯ ಪಡಸಾಲೆಯಲ್ಲಿ ನೋಡಿದ ಮೇಲೆ ನಜೀಬ್ ಅವಳ ಮುಖ ನೋಡುತ್ತಿದ್ದುದು ಅದೇ ಮೊದಲು. ಕೂದಲು ಪೂರ್ತಿ ನರೆತಿತ್ತು. ಬೀಬಿ ಜಾನ್ ಓಡಿ ಬಂದು, “ಬರ್ರಿ ಅಕ್ಕಾರ, ಕುಂದರ್ರಿ,” ಎಂದು ಉಳಿದಿದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. ಮಂಜರಿ ಕೂರಲಿಲ್ಲ.

“ನಾಳೆ ಹೊರಡ್ತಿದೀವಿ,” ಎಂದಳು. “ಹೋಗೋಕೆ ಮುಂಚೆ ಒಂದು ಮಾತು ಹೇಳ್ಬೇಕಿತ್ತು. ನಜೀಬ್ ಅವರೇ, ನಿಮ್ಮ ಮೇಲೆ ನಂಗೆ ಸಿಟ್ಟು ಹೋಗಿಲ್ಲ. ಹೋಗತ್ತೆ, ಹೋಗತ್ತೆ ಅಂತ ಕಾದೆ. ದೇವಸ್ಥಾನಕ್ಕೆ ಹೋದೆ, ಕೌನ್ಸೆಲಿಂಗ್‌ಗೆ ಹೋದೆ. ಹೋಗ್ಲಿಲ್ಲ. ನೀವು ಕೆಟ್ಟವರಲ್ಲ ಅಂತ ಗೊತ್ತು. ಅವತ್ತು ಟೈರ್ ಹತ್ರ ನಿಂತು ನೀವೇ ಬಾಯಿಬಿಟ್ಟು ಹೇಳಿದ್ರಿ ಅಂತಾನೂ ಗೊತ್ತು. ಆದ್ರೂ ಹೋಗಿಲ್ಲ. ಕ್ಷಮಿಸಿಬಿಟ್ಟಿದಾರೆ ಅಂತ ನೀವು ಅಂದ್ಕೊಂಡಿರಬಾರದು, ಅದಕ್ಕೇ ಬಂದೆ.”

ಪೈಪಿನಿಂದ ನೀರು ನೆಲದ ಮೇಲೆ ಹರಿಯುತ್ತಲೇ ಇತ್ತು. ನಜೀಬ್ ಬಗ್ಗಿ ನಲ್ಲಿ ನಿಲ್ಲಿಸಿದ.

“ಹಂಗ ಅಂದ್ಕೊಂಡಿಲ್ರಿ ಅಕ್ಕಾರ,” ಎಂದ. “ಒಂದ ದಿನಾನೂ ಅಂದ್ಕೊಂಡಿಲ್ಲ.”

ಮಂಜರಿ ತಲೆಯಾಡಿಸಿದಳು. ಅವಳು ಬೇಡವೆನ್ನುವುದರೊಳಗೆ ಬೀಬಿ ಜಾನ್ ಒಳಗೆ ಹೋಗಿ ಚಹಾ ತಂದಳು. ಮಂಜರಿ ಲೋಟ ಹಿಡಿದು ನಿಂತೇ ಕುಡಿದಳು. ವಿನಿತಾ ಹೇಗಿದ್ದಾಳೆ ಎಂದು ಬೀಬಿ ಜಾನ್ ಕೇಳಿದಳು. “ಕೆಲಸಕ್ಕೆ ಹೋಗ್ತಾಳೆ. ಈ ತಿಂಗಳು ಜ್ವರ ಬಂದಿಲ್ಲ,” ಎಂದಳು. ಅರ್ಧ ಉಳಿದ ಚಹಾವನ್ನು ಕುರ್ಚಿಯ ಮೇಲಿಟ್ಟು, ಬೀಬಿ ಜಾನಳ ಭುಜ ಮುಟ್ಟಿ, ಹೊರಟಳು.

ಅವಳ ಕಾರು ತಿರುವು ದಾಟಿ ಮರೆಯಾದ ಮೇಲೆ ಬೀಬಿ ಜಾನ್ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಜೀಬ್ ಮತ್ತೆ ನಲ್ಲಿ ತಿರುಗಿಸಿ, ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾಗಿದ್ದ ಆ ನೆಲವನ್ನು ಸಂಜೆಯವರೆಗೂ ತಿಕ್ಕಿದ. ಅದು ಪೂರ್ತಿ ಬಿಳುಪಾಗಲಿಲ್ಲ. ಕತ್ತಲಾಗುವ ಮೊದಲು ಇಬ್ಬರೂ ಶಟರ್ ಎಳೆದು, ಕೀಯನ್ನು ಜಾಗದ ಮಾಲೀಕನಿಗೆ ಕೊಟ್ಟು ಮನೆಗೆ ಹೋದರು.